ಐದು ಪಾಸ್‌ಬುಕ್ಕಿನ ನೌಕರಿ

ನನ್ನ ಯಜಮಾನರಿಗೆ ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಭೀಮರಾಯನಗುಡಿಯ ಕಾಲುವೆ ಕಚೇರಿಯ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ನನ್ನ ನಿವೃತ್ತಿ ಆದದ್ದು ಹೋದ ಶ್ರಾವಣದಲ್ಲಿ, ನಮ್ಮ ಅಡುಗೆಮನೆಯಲ್ಲಿ. ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದುಕೊಂಡು, ಸೊಸೆ ರೇಣುಕಾಳ ಕೈಗೆ ಒಂದು ಹಳೆಯ ಚೀಲ ಕೊಟ್ಟೆ. "ತಗೋವಾ, ಇನ್ನ ಮುಂದ ಇದು ನಿಂದು" ಅಂದೆ. ಅವಳು ಒಳಗೆ ಇಣುಕಿದಳು. ಎರಡು ಚಾಲ್ತಿ ಪಾಸ್‌ಬುಕ್ಕು, ಮೂಲೆ ಕತ್ತರಿಸಿದ ಮೂರು ಹಳೆಯವು, ಎರಡು ಕಾರ್ಡು, ಒಂದು ಕ್ಯಾಲೆಂಡರು.

"ಅತ್ತಿ, ಇಷ್ಟು ಬುಕ್ಕು ಯಾರ್ ಓದಬೇಕ್ರಿ?"

"ಓದೂದಲ್ಲವಾ, ಸಾಕೂದು" ಅಂದೆ.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಈ ಕೆಲಸ ಮಾಡಿದೆ. ಸಂಬಳವಿಲ್ಲ, ರಜೆಯಿಲ್ಲ, ಬಡ್ತಿಯಂತೂ ಇಲ್ಲವೇ ಇಲ್ಲ. ಆದರೂ ಇದು ನೌಕರಿಯೇ. ಈಗಿನ ಹೆಣ್ಣುಮಕ್ಕಳು ಒಂದೊಂದು ಸವಲತ್ತಿಗೆ ಒಂದೊಂದು ಖಾತೆ ತೆರೆಯುತ್ತಾರೆ. ಇಲ್ಲಿ ಪುಕ್ಕಟೆ ವಿಮೆ, ಅಲ್ಲಿ ಅರ್ಧ ಪೈಸೆ ಹೆಚ್ಚು ಬಡ್ಡಿ, ಮತ್ತೊಂದೆಡೆ ಡಬ್ಬಿ ಬುಟ್ಟಿ. ತೆರೆಯುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ನನಗೆ ಬರವಣಿಗೆ ರೂಢಿಯಿಲ್ಲ. ದೇವರ ಹೆಸರು ಬರೆಯುವ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿದ್ದೇನೆ. ಆತನೂ ಓದಿಕೊಳ್ಳಲಿ, ತಪ್ಪಿದ್ದರೆ ತಿದ್ದಲಿ.

ಯಜಮಾನರದು ಕಾಲುವೆಯ ಗೇಟು ಏರಿಸುವ, ಇಳಿಸುವ ಕೆಲಸ. ಕೇಳಲು ಸುಲಭ. ಕೆಳಗೆ ನೀರು ಭೋರೆಂದು ಹೋಗುತ್ತಿರುತ್ತದೆ, ಮೇಲೆ ತುಕ್ಕು ಹಿಡಿದ ಸರಪಳಿ, ಕಾಲಿಡಲು ಒಂದು ಗೇಣಿನ ಕಬ್ಬಿಣದ ಪಟ್ಟಿ. ನಾವು ಕಾಲುವೆ ನೌಕರರ ಕ್ಯಾಂಪಿಗೆ ಬಂದ ಮೂರನೆಯ ವರ್ಷ ಅವರ ಜೊತೆಗಾರರೊಬ್ಬರು ಅಲ್ಲಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ದಿನಗೂಲಿಯವರು, ಹಿಂದೆ ಮುಂದೆ ಏನೂ ಇರಲಿಲ್ಲ. ಅವರ ಹೆಂಡತಿ ಕ್ಯಾಂಪಿನ ಮನೆಮನೆಯ ಬಾಗಿಲಿಗೆ ಬಂದು ಸೆರಗು ಒಡ್ಡಿದಳು. ಹಿಂದಿನ ವಾರವಷ್ಟೇ ನನ್ನ ಜೊತೆ ಕೂತು ನಗಾಡಿ ಶೇಂಗಾ ಸುಲಿದಿದ್ದವಳು. ನಾನು ಎರಡು ಸೇರು ಜೋಳ ಹಾಕಿದೆ. ಹಾಕುವಾಗ ಅವಳ ಮುಖ ನೋಡಲಾಗಲಿಲ್ಲ. ಒಳಗೆ ಬಂದು ದೇವರ ಮುಂದೆ ಕೂತು ಒಂದೇ ಮಾತು ಬೇಡಿಕೊಂಡೆ: ನಮ್ಮವರಿಗೆ ಏನಾದರೂ ಆದರೆ ನನ್ನ ಸೆರಗು ಯಾರ ಬಾಗಿಲಲ್ಲೂ ಹರಡದಿರಲಿ.

ಬೇಡಿಕೊಂಡು ಸುಮ್ಮನೆ ಕೂಡುವ ಜಾತಿಯಲ್ಲ ನಾನು. ಆಗಿನಿಂದ ಯಾವ ಬ್ಯಾಂಕಿನವರು ಏನು ಕೊಡುತ್ತಾರೆ ಎಂದು ಕಿವಿ ತೆರೆದುಕೊಂಡೇ ಇದ್ದೆ. ಪಗಾರದ ಖಾತೆ ಶಹಾಪುರದಲ್ಲಿ ಮೊದಲೇ ಇತ್ತು. ಸುರಪುರದ ಬ್ಯಾಂಕೊಂದರಲ್ಲಿ ಹೆಂಗಸರಿಗೆ ಲಾಕರು ಅರ್ಧ ಬಾಡಿಗೆಗೆ ಎಂದರು, ಅಲ್ಲೊಂದು ತೆರೆದೆ. ಯಾದಗಿರಿಯಲ್ಲಿ ಠೇವಣಿಗೆ ಬಡ್ಡಿ ಶೇಕಡಾ ಅರ್ಧ ಜಾಸ್ತಿ ಎಂದರು, ಅಲ್ಲೊಂದು. ಶಹಾಪುರದ ಸಹಕಾರಿ ಸಂಘದಲ್ಲಿ ವರ್ಷದ ಸಭೆಗೆ ಹೋದ ಸದಸ್ಯರಿಗೆ ಸ್ಟೀಲ್ ಡಬ್ಬಿ, ಅದನ್ನೂ ಬಿಡಲಿಲ್ಲ. ಕೊನೆಗೆ ಇನ್ನೊಂದು ಬ್ಯಾಂಕಿನವರು ಕ್ಯಾಂಪಿಗೇ ಬಂದು, ನಮ್ಮ ಕಾರ್ಡು ತಗೊಂಡರೆ ಅಪಘಾತ ವಿಮೆ ಪುಕ್ಕಟೆ ಎಂದಾಗ, ನಾನು ಒಲೆಯ ಮೇಲಿನ ಹಾಲು ಇಳಿಸಿಟ್ಟು ಓಡಿದೆ. ನನಗೆ ಬೇಕಾದದ್ದು ಅದೇ ಆಗಿತ್ತು. ಉಳಿದದ್ದೆಲ್ಲ ಆಸೆ, ಇದು ಮಾತ್ರ ಗರಜು.

ಅಲ್ಲಿಗೆ ಐದಾದವು. ನಮ್ಮತ್ತೆ ಆಗ ಗಟ್ಟಿಯಾಗಿದ್ದರು. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಓಣಿಗೆಲ್ಲ ಕೇಳುವಂತೆ ಅಂದರು:

"ಐದು ಮಂದಿ ಗಂಡರ್ನ ಕಟ್ಕೊಂಡಾಕಿಗೂ ಇಷ್ಟು ತಿರುಗಾಟ ಇದ್ದಿಲ್ಲ ಬಿಡು. ಐದು ಬುಕ್ಕ ಕಟ್ಕೊಂಡು ನಮ್ಮ ಸೊಸಿ ಊರೂರು ತಿರಗಾಕತ್ತಾಳ."

"ಬುಕ್ಕು ರೊಟ್ಟಿ ಕೇಳಂಗಿಲ್ರಿ ಅತ್ತಿ" ಅಂದೆ ನಾನು.

ಅವರು ನಕ್ಕರು. ಆದರೆ ನೌಕರಿಯಲ್ಲಿ ನನ್ನ ಮೊದಲ ಸಾಹೇಬರು ಅವರೇ. ಹೊರಟರೆ ಎಲ್ಲಿಗೆ, ಬಂದರೆ ಏನು ತಂದಿ, ಎರಡಕ್ಕೂ ಉತ್ತರ ಕೊಡಬೇಕಿತ್ತು. ಸೊಸೆಯಂದಿರಾಗುವವರಿಗೆ ಹೇಳುತ್ತೇನೆ, ಅಂಥ ಸಾಹೇಬರು ಇರುವುದು ಒಳ್ಳೆಯದು. ಲೆಕ್ಕ ಬಾಯಲ್ಲಿ ಇರುತ್ತದೆ.

ಕೆಲಸ ಹೇಗಿರುತ್ತದೆ ಎಂದರೆ ಹೀಗೆ. ಬೆಳಿಗ್ಗೆ ರೊಟ್ಟಿ ಪಲ್ಯ ಮಾಡಿಟ್ಟು, ಪೂಜೆ ಮುಗಿಸಿ, ಭೀಮರಾಯನಗುಡಿಯಿಂದ ಶಹಾಪುರಕ್ಕೆ ಆಟೊ, ಅಲ್ಲಿಂದ ಸುರಪುರಕ್ಕೆ ಬಸ್ಸು. ಹೋದರೆ ಪಾಸ್‌ಬುಕ್ ಅಚ್ಚು ಮಾಡುವ ಮಷೀನು ಕೆಟ್ಟಿರುತ್ತದೆ. ಮಷೀನು ಸರಿಯಿದ್ದರೆ ಕರೆಂಟು ಇರುವುದಿಲ್ಲ. ಎರಡೂ ಇದ್ದರೆ "ಇವತ್ತು ಆಧಾರ್ ಝೆರಾಕ್ಸ್ ತರ್ರಿ" ಅನ್ನುತ್ತಾರೆ. ಐದು ಬ್ಯಾಂಕಿಗೆ ಐದು ಸಲ ಫೋಟೊ ತೆಗೆಸಿದ್ದೇನೆ. ನನ್ನ ಮದುವೆಯಲ್ಲಿ ತೆಗೆದದ್ದೇ ಎರಡು ಫೋಟೊ.

ನನ್ನ ದೊಡ್ಡ ದಡ್ಡತನಗಳಲ್ಲಿ ಒಂದನ್ನು ಮೊದಲು ಹೇಳಿಬಿಡುತ್ತೇನೆ. ಒಮ್ಮೆ ಯಾದಗಿರಿಯ ಆ ಅರ್ಧ ಬಡ್ಡಿಯ ಆಸೆಗೆ ಸುರಪುರದ ಖಾತೆಯಲ್ಲಿದ್ದುದನ್ನೆಲ್ಲ ತೆಗೆದು ಅಲ್ಲಿ ಇಟ್ಟೆ. ಸುರಪುರದಲ್ಲಿ ಇಷ್ಟಾದರೂ ಉಳಿದಿರಬೇಕು ಎಂಬ ನಿಯಮ ಇತ್ತು, ನನಗೆ ಅದು ನೆನಪಿದ್ದರೂ ಒಂದೆರಡು ತಿಂಗಳಿಗೆ ಏನಾದೀತು ಅಂದುಕೊಂಡೆ. ತಿಂಗಳು ತಿಂಗಳು ದಂಡ ಹಿಡಿದರು. ವರ್ಷದ ಕೊನೆಗೆ ನೋಡಿದರೆ ಯಾದಗಿರಿಯಲ್ಲಿ ಹೆಚ್ಚು ಬಂದದ್ದನ್ನು ಸುರಪುರ ನುಂಗಿ, ಮೇಲೆ ನನ್ನ ಬಸ್ ಚಾರ್ಜನ್ನೂ ನುಂಗಿತ್ತು. ಸುರಪುರದ ಮ್ಯಾನೇಜರು ವಯಸ್ಸಾದವರು. ನನ್ನ ಪಾಸ್‌ಬುಕ್ಕನ್ನು ಮೇಲಿಂದ ಕೆಳಗೆ ನೋಡಿ ಕನ್ನಡಕ ತೆಗೆದರು.

"ಅಮ್ಮಾರ, ಈ ಕೊಡದಾಗಿನ ನೀರು ಆ ಕೊಡಕ್ಕ, ಆ ಕೊಡದಾಗಿಂದು ಈ ಕೊಡಕ್ಕ ಸುರುವಿದ್ರ ನೀರ್ ಹೆಚ್ಚಾಗಂಗಿಲ್ರಿ. ನೆಲಾ ಹಸಿ ಆಗ್ತದ."

ಸಿಟ್ಟು ಬಂತು. ಬಸ್ಸಿನಲ್ಲಿ ಕೂತು ಶಹಾಪುರ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದು, ಮಾತು ಮಾತ್ರ ಉಳಿದಿತ್ತು. ನನಗೆ ಪಾಠ ಹೇಳಿದ ಮೇಲಧಿಕಾರಿ ಎಂದರೆ ಅವರೊಬ್ಬರೇ.

ಇನ್ನು ಅಮಾವಾಸ್ಯೆಯ ಸಂಗತಿ. ಆ ಪುಕ್ಕಟೆ ವಿಮೆಯ ಕಾರ್ಡಿಗೆ ಒಂದು ಕರಾರಿತ್ತು. ಆಗಿನ ನಿಯಮದಂತೆ ನಲವತ್ತೈದು ದಿನಕ್ಕೊಮ್ಮೆಯಾದರೂ ಕಾರ್ಡು ಹಾಕಿ ದುಡ್ಡು ತೆಗೆದಿರಬೇಕು, ಇಲ್ಲದಿದ್ದರೆ ವಿಮೆ ಮಲಗಿಬಿಡುತ್ತದೆ. ಈಗ ನಿಯಮ ಬೇರೆ ಇರಬಹುದು, ನಿಮ್ಮ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಇಂಗ್ಲಿಷ್ ತಾರೀಖು ನನಗೆ ನೆನಪಿರುವುದಿಲ್ಲ. ಆದರೆ ಅಮಾವಾಸ್ಯೆಯನ್ನು ನಾನು ಹುಟ್ಟಿದಾಗಿನಿಂದ ಮರೆತಿಲ್ಲ. ಅದಕ್ಕೆ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುವಾಗ ದಾರಿಯ ಎಟಿಎಮ್ಮಿನಲ್ಲಿ ನೂರು ರೂಪಾಯಿ ತೆಗೆಯುವ ಪದ್ಧತಿ ಇಟ್ಟುಕೊಂಡೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮೂವತ್ತು ದಿನ. ತಪ್ಪುವ ಮಾತೇ ಇಲ್ಲ. ಕೈಯಲ್ಲಿ ತೆಂಗಿನ ಹೋಳು ಹಿಡಿದು ಎಟಿಎಮ್ಮಿಗೆ ನುಗ್ಗುವ ನನ್ನನ್ನು ನೋಡಿ ಅಲ್ಲಿನ ಕಾವಲುಗಾರ "ಬಂದ್ಳಪ್ಪ ಅಮಾಸಿ ಅಕ್ಕ" ಎಂದು ಹೆಸರಿಟ್ಟ.

ನಾಲ್ಕು ವರ್ಷ ಹಾಗೆ ತಪ್ಪದೆ ಮಾಡಿದೆ. ಒಂದು ಮಳೆಗಾಲ ಗೇಟು ಇಳಿಸುವಾಗ ಸರಪಳಿ ಹರಿದು ಯಜಮಾನರ ಬಲಗಣ್ಣಿಗೆ ಬಡಿಯಿತು. ಕಲಬುರಗಿಯ ಡಾಕ್ಟರು ಆಪರೇಷನ್ ಮಾಡಿದರು. ಎಡಗಣ್ಣು ಉಳಿಯಿತು, ಬಲಗಣ್ಣಿನ ದೃಷ್ಟಿ ಹೋಯಿತು. ಆಸ್ಪತ್ರೆಯ ವರಾಂಡದಲ್ಲಿ ಕೂತು ನಾನು ಅತ್ತುಬಿಟ್ಟೆ, ಆದರೆ ಹೆದರಲಿಲ್ಲ. ಕಣ್ಣು ಹೋದರೆ ವಿಮೆ ಬರುತ್ತದೆ ಎಂದು ಆ ಕಾರ್ಡಿನ ಕಾಗದದಲ್ಲಿ ಓದಿದ್ದೆ. ಕಾರ್ಡು ಜೀವಂತ ಇಟ್ಟಿದ್ದೇನೆ ಎಂಬ ಧೈರ್ಯ ಇತ್ತು.

ಎಲ್ಲ ಕಾಗದ ಜೋಡಿಸಿಕೊಂಡು ಬ್ಯಾಂಕಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯ ಹುಡುಗ, ಗೋಗಿ ಊರಿನವರು. ಕಂಪ್ಯೂಟರು ನೋಡಿದರು. ಮತ್ತೊಮ್ಮೆ ನೋಡಿದರು.

"ಅಮ್ಮಾರ, ಇದು ಜಂಟಿ ಖಾತಿ. ಕಾರ್ಡು ಎರಡು ಕೊಟ್ಟೀವಿ. ನಿಮ್ದು ತಿಂಗಳಾ ತಿಂಗಳಾ ಬಳಸೀರಿ. ಸಾಹೇಬ್ರ ಕಾರ್ಡು ಒಮ್ಮೆನೂ ಬಳಸಿಲ್ಲಲ್ರಿ?"

"ಖಾತಿ ಒಂದ ಅದಲ್ರಿ ಸರ್?"

"ಖಾತಿ ಒಂದ್ರಿ. ವಿಮಾ ಇರೂದು ಖಾತಿಗಲ್ಲ, ಯಾರ ಹೆಸರಿಂದು ಕಾರ್ಡೋ ಅವರಿಗೆ. ಅವರ ಕಾರ್ಡ್ ಎಲ್ಲೈತಿ?"

ಎಲ್ಲಿತ್ತು? ನಮ್ಮ ದೇವರ ಜಗಲಿಯ ಮೇಲಿತ್ತು. ಬಂದ ದಿನವೇ ಅರಿಶಿನ ಕುಂಕುಮ ಹಚ್ಚಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಿದ್ದೆ. ಅದು ನಮ್ಮವರ ಜೀವದ ಕಾವಲು, ದೇವರ ಮುಂದೆ ಇರಲಿ ಅಂತ. ಪ್ರತಿದಿನ ಅದಕ್ಕೆ ಊದುಬತ್ತಿ ಬೆಳಗಿದ್ದೇನೆ. ಗುಮಾಸ್ತರಿಗೆ ಅದನ್ನೇ ಹೇಳಿದೆ. ಅವರು ನಗಲಿಲ್ಲ. ಮೆಲ್ಲಗೆ ಅಂದರು:

"ದೇವರಿಗೆ ಗೊತ್ತಾಗಿರ್ತದ್ರಿ ಅಮ್ಮಾರ. ಮಷೀನಿಗೆ ಗೊತ್ತಾಗಿಲ್ಲ."

ಅರ್ಜಿ ಹಾಕಿದೆವು, ತಿರುಗಿ ಬಂತು. ಯಾರದೂ ತಪ್ಪಿಲ್ಲ, ನಿಯಮ ಕಾಗದದಲ್ಲೇ ಇತ್ತು, ನಾನೇ ಪೂರ್ತಿ ಓದಿರಲಿಲ್ಲ. ನಾಲ್ಕು ದಿನ ಯಜಮಾನರಿಗೆ ಹೇಳಲಿಲ್ಲ. ಐದನೆಯ ದಿನ ಅವರಿಗೆ ಕಣ್ಣಿನ ಔಷಧಿ ಹಾಕುವಾಗ ಹನಿ ಕಣ್ಣು ತಪ್ಪಿ ಕೆನ್ನೆಗೆ ಬಿತ್ತು.

"ಯಾಕ, ಏನಾತು?"

ಹೇಳಿದೆ. ನೀವು ಏನಾದರೂ ಅನ್ನಿ, ಬೈಯಿರಿ ಅಂದೆ. ಅವರು ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು.

"ಒಂದ ಕಣ್ಣಿಲೆ ನೋಡಿದ್ರೂ ನೀ ಅಷ್ಟ ದಪ್ಪ ಕಾಣಾಕತ್ತಿ" ಅಂದರು.

ಅಳುತ್ತಿದ್ದವಳು ನಕ್ಕುಬಿಟ್ಟೆ. ಆ ನಗುವನ್ನು ನಾನು ದೇವರು ಕೊಟ್ಟದ್ದರ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ಎಡಗಣ್ಣು ಉಳಿಯಿತು, ಒಂದು. ಕಾಯಂ ನೌಕರಿ, ಇಲಾಖೆಯವರು ಗೇಟಿನಿಂದ ಇಳಿಸಿ ಕಚೇರಿಯಲ್ಲಿ ಕೂಡಿಸಿದರು, ಎರಡು. ನನ್ನ ಸೆರಗು ಯಾರ ಬಾಗಿಲಿಗೂ ಹೋಗಲಿಲ್ಲ, ಮೂರು. ಆದರೆ ಒಂದು ಮಾತು ಆವತ್ತು ಮನಸ್ಸಿಗೆ ನಾಟಿತು. ಕಣ್ಣು ಕಾಯುವುದು ದೇವರ ಕೆಲಸ, ಕಾಯ್ದ. ಕಾರ್ಡು ಕಾಯುವುದು ನನ್ನ ಕೆಲಸವಾಗಿತ್ತು. ನನ್ನ ಕೆಲಸವನ್ನೂ ಅವನ ತಲೆಗೆ ಕಟ್ಟಿ ನಾನು ಊದುಬತ್ತಿ ಹಚ್ಚುತ್ತ ಕೂತಿದ್ದೆ.

ಅವರು ಕೆಲಸಕ್ಕೆ ತಿರುಗಿ ಹೋದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಕೂತು ಐದೂ ಪಾಸ್‌ಬುಕ್ಕುಗಳನ್ನು ಸಾಲಾಗಿ ಇಟ್ಟೆವು. ಒಂದೊಂದರ ಮುಂದೆ ನಾನು ಅದರಿಂದ ತಂದದ್ದು, ತರಲು ಓಡಾಡಿದ್ದು ಎರಡನ್ನೂ ಲೆಕ್ಕ ಹಾಕಿದೆವು. ಸ್ಟೀಲ್ ಡಬ್ಬಿಗಾಗಿ ಪ್ರತಿವರ್ಷ ಒಂದು ಇಡೀ ದಿನ ಸಭೆಯಲ್ಲಿ ಕೂತಿದ್ದೆ, ಯಾರ್‍ಯಾರದೋ ಭಾಷಣ ಕೇಳಿದ್ದೆ.

"ಆ ಡಬ್ಬಿ ಶಹಾಪುರದ ಬಜಾರದಾಗ ತಗೊಂಡಿದ್ರ ಭಾಷಣ ಉಳೀತಿತ್ತು" ಅಂದರು ಯಜಮಾನರು.

ಲಾಕರಿನಲ್ಲಿ ಏನಿದೆ ಎಂದು ಕೇಳಿದರು. ಒಂದು ಜೊತೆ ಬೆಂಡೋಲೆ, ಅತ್ತೆಯ ಮೂಗುತಿ. ಬೆಂಡೋಲೆ ಹಾಕಿಕೊಳ್ಳಬೇಕು ಅನಿಸಿದಾಗಲೆಲ್ಲ ಸುರಪುರಕ್ಕೆ ಹೋಗಿ ಬರಬೇಕು, ಹಾಗಾಗಿ ಆರು ವರ್ಷ ನಾನು ಅದನ್ನು ಹಾಕಿಕೊಂಡೇ ಇರಲಿಲ್ಲ. ಯಾದಗಿರಿಯ ಅರ್ಧ ಬಡ್ಡಿ ಬಸ್ಸಿನವರ ಪಾಲಾಗಿತ್ತು. ಮೂರನ್ನೂ ಮುಚ್ಚಿದೆ. ಪಾಸ್‌ಬುಕ್ಕಿನ ಮೂಲೆ ಕತ್ತರಿಸಿ ಕೈಗೆ ಕೊಟ್ಟಾಗ ಎದೆಯಲ್ಲಿ ಚುರ್ ಅಂತು, ಸುಳ್ಳು ಹೇಳುವುದಿಲ್ಲ. ಪಗಾರದ ಖಾತೆ, ವಿಮೆಯ ಕಾರ್ಡಿನ ಖಾತೆ, ಎರಡೇ ಉಳಿದವು. ಸಂಜೆ ಬೆಂಡೋಲೆ ಹಾಕಿಕೊಂಡು ಗುಡಿಗೆ ಹೋದೆ.

ಹೊಸಬರಿಗೆ ನಾನು ಹೇಳುವ ಲೆಕ್ಕ ಇಷ್ಟೇ. ಸವಲತ್ತು ಎಷ್ಟು ಎಂದು ಕೇಳಬೇಡಿ, ಅದನ್ನು ಜೀವಂತ ಇಡಲು ಏನು ಮಾಡಬೇಕು ಎಂದು ಕೇಳಿ. ನಿಮ್ಮ ತಿಂಗಳಲ್ಲಿ ಅದಕ್ಕೆ ಜಾಗ ಇದ್ದರೆ ತೆರೆಯಿರಿ, ಇಲ್ಲದಿದ್ದರೆ ಕೈ ಮುಗಿದು ಬಂದುಬಿಡಿ. ನಾಲ್ಕು ಮೊಬೈಲ್ ಸಂದೇಶ ಬಂದರೆ ಎಲ್ಲ ಸರಿಯಿದೆ ಎಂದುಕೊಳ್ಳುವ ಕಾಲ ಈಗ. ರೇಣುಕಾ ಎಲ್ಲವನ್ನೂ ಫೋನಿನಲ್ಲೇ ನೋಡುತ್ತಾಳೆ, ಬಸ್ಸು ಹತ್ತುವುದಿಲ್ಲ, ಒಳ್ಳೆಯದೇ. ಆದರೆ ಫೋನಿನಿಂದ ದುಡ್ಡು ಕಳಿಸಿದರೆ ಕಾರ್ಡು ಬಳಸಿದಂತಾಗುತ್ತದೆಯೋ ಇಲ್ಲವೋ ಎಂದು ಅವಳನ್ನೇ ಬ್ಯಾಂಕಿಗೆ ಕಳಿಸಿ ಕೇಳಿಸಿದೆ. ಆಗುವುದಿಲ್ಲ ಅಂದರಂತೆ. ಅವಳಿಗೂ ಆವತ್ತು ಅತ್ತೆಯ ಬೆಲೆ ಸ್ವಲ್ಪ ಗೊತ್ತಾಯಿತು.

ಯಜಮಾನರ ಕಣ್ಣಿನ ಪ್ರಸಂಗ ಆದ ಮೇಲೆ ಅಮಾವಾಸ್ಯೆಗೆ ನಾನು ಒಬ್ಬಳೇ ಹೋಗಲಿಲ್ಲ. ನನ್ನ ಕಾರ್ಡು, ಯಜಮಾನರ ಕಾರ್ಡು ಮಾತ್ರವಲ್ಲ, ಅದೇ ಕಾರ್ಡು ಮಾಡಿಸಿದ್ದ ಓಣಿಯ ಹೆಂಗಸರನ್ನೂ ಕರೆದುಕೊಂಡು ಹೋಗುತ್ತಿದ್ದೆ. ಬರದ ಗಂಡಸರನ್ನು ಬೈದು ಕಳಿಸುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ಪಕ್ಕದ ಮನೆಯ ಮೆಹಬೂಬ್. ಶಹಾಪುರದಿಂದ ಗೋಗಿಗೆ ಶೇರ್ ಆಟೊ ಹೊಡೆಯುತ್ತಿದ್ದ. ಅವನ ಹೆಂಡತಿ ಶಾಹೀನ್ ನನಗೆ ತಂಗಿಯಂತೆ. ನಾನು ಹೇಳಿದ್ದಕ್ಕೇ ಇಬ್ಬರೂ ಆ ಕಾರ್ಡು ಮಾಡಿಸಿದ್ದರು.

"ನಿಮ್ ಅಮಾಸಿ ನಮಗ್ಯಾಕ್ರಿ ಅಕ್ಕಾ, ನಾವು ಚಾಂದ್ ನೋಡೂ ಮಂದಿ" ಅನ್ನುತ್ತಿದ್ದ.

"ಚಂದ್ರ ಕಾಣಲಾರದ ದಿನ ನಂದು, ಕಂಡ ದಿನ ನಿಂದು. ನಡುವ ಎಷ್ಟು ದೂರ ಅದನೋ? ಇಳಿ ಕೆಳಗ" ಅನ್ನುತ್ತಿದ್ದೆ.

ಒಂದು ಅಮಾವಾಸ್ಯೆ ಅವನ ಆಟೊ ತುಂಬಿತ್ತು. ನನ್ನನ್ನು ನೋಡಿಯೂ ನೋಡದವನಂತೆ ಹೊರಟ. ನಾನು ಎಟಿಎಮ್ಮಿನ ಮುಂದೆ ರಸ್ತೆಗೆ ಅಡ್ಡ ನಿಂತೆ. ಒಳಗಿನ ಮಂದಿ ಬೈದರು, ಒಬ್ಬ ಮುದುಕ "ಏ ತಾಯಿ, ನಮಗ ಸಂತಿಗಿ ಹೊತ್ತಾಗ್ತದ" ಎಂದು ಕೂಗಿದ. ಮೆಹಬೂಬ್ ಗೊಣಗುತ್ತ ಇಳಿದು ನೂರು ರೂಪಾಯಿ ತೆಗೆದು, ನೋಟನ್ನು ನನ್ನ ಮುಖದ ಮುಂದೆ ಆಡಿಸಿ ಹೋದ.

ಅದಾಗಿ ಸ್ವಲ್ಪ ದಿನಕ್ಕೆ ಗೋಗಿ ರಸ್ತೆಯಲ್ಲಿ ಲಾರಿಯೊಂದು ಅವನ ಆಟೊಗೆ ಬಡಿಯಿತು. ಜೀವ ಉಳಿಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮೂರು ಹೆಣ್ಣುಮಕ್ಕಳು, ಆಟೊ ನುಜ್ಜುಗುಜ್ಜು. ಶಾಹೀನ್ ನನ್ನ ಕಟ್ಟೆಗೆ ಬಂದು ಕೂತಳು. ಅವಳ ಕೈ ದುಪಟ್ಟಾದ ಅಂಚನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. "ಆಪಾ, ಯಾರ್ ಮನಿಗಿ ಹೋಗ್ಲಿ ಹೇಳ್ರಿ" ಅಂದಳು. ನನಗೆ ಆ ಕ್ಯಾಂಪಿನ ಹೆಂಗಸಿನ ಸೆರಗು ಕಣ್ಣಿಗೆ ಬಂತು.

"ಯಾರ್ ಮನಿಗೂ ಬ್ಯಾಡ. ಬ್ಯಾಂಕಿಗಿ ನಡಿ" ಅಂದೆ.

ಪೊಲೀಸರ ಕಾಗದ, ಆಸ್ಪತ್ರೆಯ ಕಾಗದ, ಅಂಗವಿಕಲ ಪ್ರಮಾಣಪತ್ರ. ಅದಕ್ಕಾಗಿ ಯಾದಗಿರಿಗೆ ನಾವಿಬ್ಬರೂ ಎಷ್ಟು ಸಲ ಹೋದೆವೋ ಲೆಕ್ಕವಿಟ್ಟಿಲ್ಲ. ಎಲ್ಲಿ ಸಾಲು ಉದ್ದ, ಯಾವ ಹೊತ್ತಿಗೆ ಯಾವ ಸಾಹೇಬರು ಕುರ್ಚಿಯಲ್ಲಿರುತ್ತಾರೆ, ಝೆರಾಕ್ಸ್ ಎಷ್ಟು ಬೇಕು, ಎಲ್ಲ ನನಗೆ ಗೊತ್ತಿತ್ತು. ಐದು ಪಾಸ್‌ಬುಕ್ಕಿನ ಓಡಾಟದಲ್ಲಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬಂತು. ಒಂದು ಕಾಗದವೂ ತಿರುಗಿ ಬರಲಿಲ್ಲ.

ಬ್ಯಾಂಕಿನಲ್ಲಿ ಅದೇ ಗೋಗಿಯ ಗುಮಾಸ್ತರು. ಈಗ ತಲೆಯ ಮುಂಭಾಗದ ಕೂದಲು ಹೋಗಿತ್ತು. ಕಂಪ್ಯೂಟರಿನಲ್ಲಿ ಮೆಹಬೂಬನ ಕಾರ್ಡು ತೆರೆದರು. ಶಾಹೀನ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ನಾನು ನನ್ನ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ಒಬ್ಬರದು ಇನ್ನೊಬ್ಬರಿಗೆ ಅಡ್ಡ ಬರಲಿಲ್ಲ.

ಗುಮಾಸ್ತರು ಬೆರಳು ಮಡಚಿ ಎಣಿಸಿದರು. ಎಣಿಸಿ ನನ್ನ ಕಡೆ ನೋಡಿದರು.

"ಹತ್ತೊಂಬತ್ತು ದಿನ. ಅಪಘಾತದ ಹತ್ತೊಂಬತ್ತು ದಿನ ಹಿಂದ ನೂರು ರೂಪಾಯಿ ತಗದಾರ. ಕಾರ್ಡ್ ಜೀವಂತ ಅದ್ರಿ ಅಮ್ಮಾರ."

ಶಾಹೀನ್ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

ಮಂಜೂರಾಗಿ ಬರಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ನಮ್ಮ ಓಣಿ ಅವರ ಒಲೆ ಆರಲು ಬಿಡಲಿಲ್ಲ, ಅದನ್ನು ಇಲ್ಲಿ ಉದ್ದ ಬರೆಯುವುದಿಲ್ಲ. ಹಣ ಬಂದದ್ದು ಗೊತ್ತಾದ ದಿನ ಮೆಹಬೂಬ್ ಊರುಗೋಲು ಹಿಡಿದು ತಾನೇ ಬ್ಯಾಂಕಿಗೆ ಬಂದ. ಕೃತಕ ಕಾಲು ಹಾಕಿಸಬೇಕು, ಬಸ್ ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿ ಇಡಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ಹಿರಿಯ ಮಗಳ ಶಾಲೆ ಬಿಡಿಸುವುದಿಲ್ಲ ಎಂದು ಶಾಹೀನ್ ಮೂರು ಸಲ ಹೇಳಿದಳು, ಯಾರೋ ಬಿಡಿಸು ಅಂದವರಂತೆ.

ಹಣ ಮುಟ್ಟಿದ್ದಕ್ಕೆ ರಸೀದಿಯಲ್ಲಿ ಒಬ್ಬ ಸಾಕ್ಷಿಯ ಸಹಿ ಬೇಕಿತ್ತು. ಗುಮಾಸ್ತರು ಕುರ್ಚಿ ತರಿಸಿ ನನ್ನನ್ನು ಕೂಡಿಸಿದರು. ಹೆಸರು ಬರೆದುಕೊಂಡರು, ಊರು ಬರೆದುಕೊಂಡರು.

"ಉದ್ಯೋಗ ಅಂತ ಕಾಲಮ್ ಅದ್ರಿ. ಏನ್ ಬರೀಲಿ?"

"ಬ್ಯಾಂಕಿಂದು ಅಂತ ಬರೀರಿ ಸಾಬ್" ಅಂದ ಮೆಹಬೂಬ್. "ನಿಮಗಿಂತ ಜಾಸ್ತಿ ಡ್ಯೂಟಿ ಮಾಡ್ಯಾರ ನಮ್ಮಕ್ಕ."

ಕೌಂಟರಿನ ಆಚೆಗಿದ್ದವರೆಲ್ಲ ನಕ್ಕರು. ನಾನು ಸೆರಗು ಸರಿಮಾಡಿಕೊಂಡೆ.

"ಮನಿ ನಡಸೂದು ಅಂತ ಬರೀರಿ" ಅಂದೆ. "ಇದೂ ಅದರಾಗ ಬರ್ತದ."

ಅವರು ಹಾಗೆಯೇ ಬರೆದರು. ನಾನು ಕೆಳಗೆ ಸಹಿ ಹಾಕಿದೆ.